ಬದನೆಕಾಯಿ ಬಣ್ಣದ ಕಣಿವೆ

ಜಾರ್ಜ್‌ಟೌನ್, ಅಡುಗೆಮನೆ

ಜೂನ್ ತಿಂಗಳ ಮೊದಲ ಶನಿವಾರ, ಬೆಳಗ್ಗೆ ಏಳು ಗಂಟೆ. ಹಾಜರಿದ್ದವರು: ನಾನು, ನನ್ನ ಶಾಲೆಯ ದಿನಗಳ ಗೆಳತಿ ವಿಮಲ, ಅವಳ ಗಂಡ ರಘುನಾಥರಾಯರು. ಬೂಟು ಹಾಕಿಕೊಂಡು, ಛತ್ರಿ ಹಿಡಿದು, ಹೊರಡಲು ಸಿದ್ಧಳಾಗಿದ್ದವಳು ನಾನೊಬ್ಬಳೇ. ರಾಯರು ಕ್ಯಾಮೆರಾದ ಬ್ಯಾಟರಿ ಹುಡುಕುತ್ತಿದ್ದರು. ವಿಮಲ ಮೂರನೇ ಸಲ ಒಲೆ ಆರಿಸಿದೆಯೇ ಎಂದು ನೋಡುತ್ತಿದ್ದಳು.

ಮೈಸೂರಿನ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ವಾರ್ಡನ್ ಆಗಿದ್ದು ನಿವೃತ್ತಳಾದವಳು ನಾನು. ಐದು ಗಂಟೆಗೆ ಏಳುವುದು, ಹಾಸಿಗೆ ಮಡಿಸುವುದು, ಆರಕ್ಕೆ ಸ್ನಾನ ಮುಗಿಸುವುದು ಕೆನಡಾಕ್ಕೆ ಇವರ ಮನೆಗೆ ಬಂದರೂ ತಪ್ಪಲಿಲ್ಲ. ಬಂದ ಮೊದಲ ವಾರ ಹೊತ್ತುಗೊತ್ತಿಲ್ಲದೆ ಎಚ್ಚರವಾಗುತ್ತಿತ್ತು. ಆಗಲೂ ಎದ್ದು ಹಾಸಿಗೆ ಮಡಿಸಿ, ಮತ್ತೆ ಬಿಡಿಸಿ ಮಲಗುತ್ತಿದ್ದೆ. ಅದಕ್ಕೆ ರಾಯರು ನನ್ನನ್ನು ವಾರ್ಡನ್‌ಬಾಯಿ ಎಂದೇ ಕರೆಯುತ್ತಾರೆ. ಅವರು ಧಾರವಾಡದವರು. ಸೇತುವೆ ಕಟ್ಟುವ ಎಂಜಿನಿಯರ್ ಆಗಿ ಈ ದೇಶಕ್ಕೆ ಬಂದು ಎಷ್ಟೋ ದಶಕಗಳಾದರೂ ಧಾರವಾಡ ಅವರ ಬಾಯಿಂದ ಹೋಗಿಲ್ಲ. ವಿಮಲ ನನ್ನಂತೆ ಮೈಸೂರಿನವಳು. ಇವರಿಬ್ಬರ ಮನೆಯಲ್ಲಿ ಎರಡು ಬಗೆಯ ಕನ್ನಡ, ಮೂರು ಬಗೆಯ ಚಟ್ನಿಪುಡಿ.

ನಿವೃತ್ತಿಯಾದ ಮೇಲೆ ರಾಯರಿಗೆ ಫೋಟೋ ಹುಚ್ಚು ಹಿಡಿಯಿತು. ಅದರಲ್ಲೂ ಅಮೆರಿಕದ ನೈರುತ್ಯ ಮೂಲೆಯ ಮರುಭೂಮಿಯ ಕಣಿವೆಗಳೆಂದರೆ ಪ್ರಾಣ. ವರ್ಷಕ್ಕೊಮ್ಮೆ ಹೋಗಿ ತೆಗೆದ ಚಿತ್ರಗಳಿಂದ ಕ್ಯಾಲೆಂಡರ್ ಮಾಡಿಸಿ ಇಲ್ಲಿನ ಕನ್ನಡದವರಿಗೆಲ್ಲ ಹಂಚುತ್ತಾರೆ. ಒಂದು ನನಗೂ ಬರುತ್ತದೆ. ಈಚಿನ ವರ್ಷಗಳಲ್ಲಿ ಮೈಸೂರಿನ ನನ್ನ ಅಡುಗೆಮನೆಯಲ್ಲಿ ಅದನ್ನು ನೋಡುತ್ತಾ ನೋಡುತ್ತಾ ಆ ಕಣಿವೆಗಳ ಬಂಡೆಗಳು ಬದನೆಕಾಯಿ ಬಣ್ಣದವು ಎಂದು ನಾನು ನಂಬಿಬಿಟ್ಟಿದ್ದೆ. ದೇವರು ಅಲ್ಲಿ ಹಾಗೆ ಮಾಡಿರಬಹುದು, ನಮಗೇಕೆ ಎಂದುಕೊಂಡಿದ್ದೆ.

ಈ ಸಲ ಮೂವರೂ ಜುಲೈ ಕೊನೆಗೆ ಆ ಕಣಿವೆಗಳಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಅದಕ್ಕೆ ತಾಲೀಮು ಎಂಬಂತೆ ಈ ದಿನ ಮನೆಗೆ ಹತ್ತಿರದ ಚೆಲ್ಟನ್‌ಹ್ಯಾಮ್‌ನ ಕೆಂಪು ದಿಬ್ಬಗಳಿಗೆ ಹೊರಟಿದ್ದೆವು. ಬಡವರ ಕಣಿವೆ ಎಂದು ರಾಯರು ಅದಕ್ಕೆ ಹೆಸರಿಟ್ಟಿದ್ದಾರೆ.

ಇಲ್ಲಿ ನನ್ನ ಮನಸ್ಸಿಗೆ ಮುಳ್ಳಿನಂತೆ ಚುಚ್ಚುತ್ತಿದ್ದ ವಿಷಯ ಹೇಳಬೇಕು. ಕಳೆದ ಚಳಿಗಾಲದಲ್ಲಿ ಇದೇ ರಾಯರು ಫೋನಿನಲ್ಲಿ ನನಗೆ ಪಾಠ ಮಾಡಿದ್ದರು.

“ಕ್ಯಾನ್ಯನ್ನಿಗೆ ಹೋಗೂದಂದ್ರ ಸೀಸನ್ ನೋಡಿ ಹೋಗಬೇಕ್ರಿ. ಜುಲೈದಾಗ ಮೂರ್ಖರು ಹೋಗ್ತಾರ. ಸೂರ್ಯ ನೆತ್ತಿ ಮ್ಯಾಲೆ ನಿಂತಿರ್ತಾನ, ನೆರಳೇ ಇರೂದಿಲ್ಲ. ನೆರಳಿಲ್ಲಂದ್ರ ಅಷ್ಟು ದೊಡ್ಡ ಕಲ್ಲೂ ರೊಟ್ಟಿ ಗತೆ ಚಪ್ಪಟಿ ಕಾಣಿಸ್ತದ. ಮಧ್ಯಾಹ್ನ ಮಳಿ ಬಂತಂದ್ರ ಸಂದಿನ್ಯಾಗ ನೀರು ನುಗ್ಗತದ, ಓಡ್ಲಿಕ್ಕೂ ಆಗೂದಿಲ್ಲ. ಚಳಿಗಾಲದಾಗ ಕೆಂಪು ಕಲ್ಲಿನ ಮ್ಯಾಲೆ ಹಿಮ ಬಿದ್ದಿರ್ತದ, ಅದು ಛಂದ. ಆದ್ರ ದಾರಿ ಜಾರತದ. ವಸಂತದಾಗ ಗಾಳಿ, ಕ್ಯಾಮೆರಾದಾಗ ಉಸುಕು. ಅಕ್ಟೋಬರ್ ಕಡೀಗೆ ಹೋಗಬೇಕು ನೋಡ್ರಿ. ಬಿಸಲು ಓರೆಯಾಗಿ ಬೀಳ್ತದ, ಹಳ್ಳದ ದಂಡಿ ಗಿಡ ಎಲ್ಲಾ ಹಳದಿ ಆಗಿರ್ತಾವ.”

ಇಷ್ಟು ತಿಳಿದವರು ಜುಲೈಗೇ ಏಕೆ ಹೊರಟಿದ್ದಾರೆ? ಬಂದ ಹೊಸದರಲ್ಲಿ ಕೇಳಿದೆ. “ಹೋಗಿಬಿಡೂಣ್ರಿ, ಯಾವಾಗಾದ್ರೇನು,” ಎಂದು ಮಾತು ಹಾರಿಸಿದರು.

ಇನ್ನೊಂದು ಇದೆ. ರಾಯರಿಗೆ ನಕ್ಷತ್ರಗಳ ಚಿತ್ರವೂ ಬೇಕು, ಅದಕ್ಕೆ ಚಂದ್ರನಿಲ್ಲದ ರಾತ್ರಿ ಬೇಕು. ಅವರು ಆರಿಸಿದ ದಿನ ಭೀಮನ ಅಮಾವಾಸ್ಯೆ. ವಿಮಲ ಅಮಾವಾಸ್ಯೆಯ ದಿನ ಹೊಸ ಉಪ್ಪಿನಕಾಯಿ ಭರಣಿಯ ಮುಚ್ಚಳವನ್ನೂ ತೆಗೆಯದವಳು. ಅಮಾವಾಸ್ಯೆ ಎಂದು ಮಗಳ ಮನೆಯ ಗೃಹಪ್ರವೇಶದ ದಿನವನ್ನೇ ಬದಲಾಯಿಸಿದವಳು. ಅದರಲ್ಲೂ ಭೀಮನ ಅಮಾವಾಸ್ಯೆ ಎಂದರೆ ಗಂಡನ ಆಯುಷ್ಯಕ್ಕೆಂದು ಮನೆಯಲ್ಲಿ ಕುಳಿತು ಪಾದಪೂಜೆ ಮಾಡುವ ದಿನ.

“ಅವತ್ತು ಭೀಮನ ಅಮಾವಾಸ್ಯೆ ಕಣೇ,” ಎಂದೆ.

“ಗೊತ್ತು ಪದ್ಮಾ. ಅಲ್ಲೇ ಮೋಟೆಲ್ ರೂಮಲ್ಲಿ ಪೂಜೆ ಮಾಡಿದ್ರಾಯ್ತು. ಇವರ ಪಾದ ಹೇಗಿದ್ರೂ ಜೊತೇಲೇ ಬರುತ್ತಲ್ಲ.”

ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ಹಾಸ್ಟೆಲಿನಲ್ಲಿ ಒಂದೇ ಕೋಣೆಯ ಇಬ್ಬರು ಹುಡುಗಿಯರು ಒಮ್ಮೆಗೇ ಬದಲಾದರೆ ನಾನು ಆ ಕೋಣೆಯ ಬಾಗಿಲು ತಟ್ಟುತ್ತಿದ್ದೆ. ಇಲ್ಲಿ ಗಂಡ ತಾನೇ ಬೈಯುವ ಋತುವನ್ನು ಹಿಡಿದಿದ್ದ. ಹೆಂಡತಿ ತಾನೆಂದೂ ಒಪ್ಪದ ದಿನಕ್ಕೆ ತುಟಿ ಬಿಚ್ಚದೆ ಒಪ್ಪಿದ್ದಳು.

ಕಾಫಿ ಕೊಡುವ ಕಿಟಕಿ

ಕಾರು ಓಡಿಸಿದವಳು ವಿಮಲ. ಹಿಂದಿನ ಸಲ ನಾನು ಬಂದಾಗ ರಾಯರು ಸ್ಟಿಯರಿಂಗನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಈಗ ಮಣಿಕಟ್ಟು ನೋವು ಎನ್ನುತ್ತಾರೆ. ಆ ಮಣಿಕಟ್ಟಿನಿಂದಲೇ ಕಲ್ಲಿನಂಥ ಕ್ಯಾಮೆರಾ ಚೀಲ ಎತ್ತಿ ಡಿಕ್ಕಿಗೆ ಹಾಕಿದ್ದನ್ನು ನಾನು ನೋಡಿದ್ದೆ.

ಈ ದೇಶದವರು ಕಾಫಿಗೆ ಕಾರಿನಿಂದ ಇಳಿಯುವುದಿಲ್ಲ. ಅಂಗಡಿಯ ಸುತ್ತ ಕಾರುಗಳು ಸಾಲುಗಟ್ಟಿ, ಪ್ರಸಾದಕ್ಕೆ ನಿಂತವರಂತೆ ಒಂದೊಂದೇ ಹೆಜ್ಜೆ ಮುಂದೆ ಸರಿಯುತ್ತವೆ. ಯಾರೂ ಹಾರ್ನ್ ಹೊಡೆಯುವುದಿಲ್ಲ. ಇಳಿದು ಒಳಗೆ ಹೋದರೆ ಕೌಂಟರಿನಲ್ಲಿ ಒಬ್ಬರೂ ಇರಲಿಕ್ಕಿಲ್ಲ, ಆದರೂ ಇಳಿಯುವುದಿಲ್ಲ. ನಮ್ಮಲ್ಲಾದರೆ ನಿಂತು, ಬೈ-ಟೂ ಹೇಳಿ, ಲೋಟದ ಅಂಚಿನಲ್ಲಿ ಊದಿ, ಎರಡು ಮಾತಾಡಿ ಕುಡಿಯುವುದೇ ಕಾಫಿ. ಇಲ್ಲಿ ಅದನ್ನು ಮುಚ್ಚಳ ಹಾಕಿ, ತೂತಿನಿಂದ ಹೀರುತ್ತಾರೆ, ಔಷಧಿಯಂತೆ.

ಕಿಟಕಿಯಲ್ಲಿದ್ದ ಹುಡುಗಿ ಲೋಟ ಚಾಚಿದಳು. ವಿಮಲ ಅದನ್ನು ತೆಗೆದುಕೊಂಡು ಪಕ್ಕದಲ್ಲಿದ್ದ ರಾಯರಿಗೆ ಕೊಟ್ಟಳು. ರಾಯರು ಕೈ ಚಾಚಿದರು; ಲೋಟವಿದ್ದ ಕಡೆಗಲ್ಲ, ಅದರ ಪಕ್ಕಕ್ಕೆ. ಲೋಟ ಉರುಳಿ ಕಾಫಿ ಅವರ ಪ್ಯಾಂಟಿನ ಮೇಲೆ ಚೆಲ್ಲಿತು.

“ಸಾರಿ!” ಎಂದಳು ಕಿಟಕಿಯ ಹುಡುಗಿ. ಅವಳ ತಪ್ಪೇನೂ ಇರಲಿಲ್ಲ. ಇಲ್ಲಿ ನೀವು ಯಾರದಾದರೂ ಕಾಲು ತುಳಿದರೆ ತುಳಿಸಿಕೊಂಡವರು ಸಾರಿ ಹೇಳುತ್ತಾರೆ.

“ಮುಚ್ಚಳ ಸಡ್ಲಿತ್ತು,” ಎಂದರು ರಾಯರು.

ನಾನು ಲೋಟ ಎತ್ತಿಕೊಂಡು ನೋಡಿದೆ. ಮುಚ್ಚಳ ಬಿಗಿಯಾಗಿಯೇ ಇತ್ತು. ಕಾಫಿ ಬಂದದ್ದು ತೂತಿನಿಂದ. ಕರವಸ್ತ್ರ ಕೊಟ್ಟೆ. ಕನ್ನಡಿಯಲ್ಲಿ ವಿಮಲಳ ಕಣ್ಣು ನನ್ನ ಕಣ್ಣನ್ನು ಒಮ್ಮೆ ನೋಡಿ ತಟ್ಟನೆ ರಸ್ತೆಯ ಕಡೆ ತಿರುಗಿತು.

ಅಲ್ಲಿಂದ ಮುಂದೆ ನಾನು ಕಿಟಕಿಯಾಚೆ ನೋಡಲಿಲ್ಲ, ರಾಯರನ್ನೇ ನೋಡಿದೆ. ರಸ್ತೆ ಬದಿಯ ಫಲಕಗಳನ್ನು ಅವರು ಓದುತ್ತಿರಲಿಲ್ಲ, ನೆನಪಿನಿಂದ ಹೇಳುತ್ತಿದ್ದರು. “ಈಗೊಂದು ಚರ್ಚ್ ಬರ್ತದ,” ಎನ್ನುವಾಗ ಚರ್ಚು ಹಿಂದೆ ಸರಿದಿತ್ತು. ಮೋಡದ ನಡುವೆ ಬಿಸಿಲು ಇಣುಕಿದಾಗ ಹಣೆಗೆ ಕೈ ಅಡ್ಡ ಹಿಡಿದರು. ಹಾಸ್ಟೆಲಿನಲ್ಲಿ ಕಪ್ಪು ಹಲಗೆ ಕಾಣದ ಹುಡುಗಿಯರು ಹೀಗೆಯೇ ಎಲ್ಲವೂ ಗೊತ್ತಿದ್ದವರಂತೆ ಇರುತ್ತಿದ್ದರು. ಆದರೆ ಆ ಹುಡುಗಿಯರಿಗೆ ಕನ್ನಡಕ ಕೊಡಿಸಿದರೆ ಮುಗಿಯುತ್ತಿತ್ತು. ಎಂಬತ್ತರ ಹತ್ತಿರದ ಮನುಷ್ಯನನ್ನು ಕಣಿವೆಯ ಅಂಚಿಗೆ ಕರೆದುಕೊಂಡು ಹೋಗುವುದು ಬೇರೆ ಮಾತು. ಅಲ್ಲಿ ಎಷ್ಟೋ ಕಡೆ ಕಂಬಿಯೂ ಇಲ್ಲವೆಂದು ಅವರೇ ಹೇಳಿದ್ದರು.

ಕೆಂಪು ದಿಬ್ಬಗಳು

ಇಲ್ಲಿ ಬೆಟ್ಟ ನೋಡಲೂ ಹೊತ್ತು ಗೊತ್ತು ಮಾಡಿಕೊಂಡು ಬರಬೇಕು. ಕಾರು ನಿಲ್ಲಿಸಲು ಮೊದಲೇ ಸಮಯ ಕಾದಿರಿಸಬೇಕು, ಆ ಸಮಯಕ್ಕೆ ಬರಬೇಕು, ಆ ಸಮಯಕ್ಕೆ ಹೊರಡಬೇಕು. ಎಲ್ಲರೂ ಗೊಣಗುವ ಈ ಪದ್ಧತಿ ನನಗೆ ಬಹಳ ಹಿಡಿಸಿತು. ನಾವು ಸ್ವಲ್ಪ ಮೊದಲೇ ತಲುಪಿದ್ದರಿಂದ ಗೇಟಿನವನು ಕಾಯಲು ಹೇಳಿದ. ಮಳೆಕೋಟು ತೊಟ್ಟ ನಾಯಿಯೊಂದೂ ನಮ್ಮೊಡನೆ ಶಿಸ್ತಿನಿಂದ ಕಾದು ನಿಂತಿತು.

ರಾತ್ರಿ ಮಳೆಯಾಗಿತ್ತು. ಕಾರು ನಿಲ್ಲಿಸಿದ ಜಾಗದಿಂದ ಕಾಲುದಾರಿಯಲ್ಲಿ ನಡೆದಾಗ ಬೂಟಿನಡಿಗೆ ಕೆಮ್ಮಣ್ಣು ಹಿಡಿಯಿತು. ಆಮೇಲೆ ಮರದ ಹಲಗೆಯ ಅಟ್ಟ, ಪಕ್ಕಕ್ಕೆ ಕಟಕಟೆ. ಕಟಕಟೆಯಾಚೆ ಒಮ್ಮೆಗೇ ದಿಬ್ಬಗಳು ತೆರೆದುಕೊಂಡವು.

ನಾನು ನಿಂತುಬಿಟ್ಟೆ. ಸುತ್ತ ಹಸಿರು ಮೇಪಲ್ ಕಾಡು, ತೋಟ, ದೂರದಲ್ಲಿ ಕೊಟ್ಟಿಗೆ. ನಡುವೆ ಮಾತ್ರ ಹುಲ್ಲುಕಡ್ಡಿಯೂ ಇಲ್ಲದ ಕೆಂಪು ಮಣ್ಣಿನ ಮಡಿಕೆಗಳು. ಒಗೆದು ಹಿಂಡಿ ಹಾಗೆಯೇ ಬಿಟ್ಟ ಕೆಂಪು ಸೀರೆಯಂತೆ ಸುಕ್ಕು ಸುಕ್ಕು. ಸುಕ್ಕುಗಳಲ್ಲಿ ಅಲ್ಲಲ್ಲಿ ತಿಳಿಹಸಿರು ಪಟ್ಟಿ. ಮಳೆಯಲ್ಲಿ ನೆನೆದು, ಮೋಡದ ಬೆಳಕಿನಲ್ಲಿ ಆ ಕೆಂಪು, ಹಬ್ಬದ ದಿನ ತುಳಸಿಕಟ್ಟೆಗೆ ಬಳಿದು ಇನ್ನೂ ಒಣಗದ ಕೆಮ್ಮಣ್ಣಿನ ಕೆಂಪೇ. ಹಿಂದೆ ಜನ ಹತ್ತಿಳಿದು ಮಣ್ಣು ಸವೆಯಿತಂತೆ, ಈಗ ಕಟಕಟೆ ದಾಟುವಂತಿಲ್ಲ. ಯಾರೂ ದಾಟುತ್ತಿರಲಿಲ್ಲ. ನಮ್ಮಲ್ಲಾದರೆ ಇಷ್ಟು ಹೊತ್ತಿಗೆ ಆ ಮಣ್ಣಿನಲ್ಲಿ ಪ್ರೇಮಿಗಳ ಹೆಸರು ಕೆತ್ತಿರುತ್ತಿತ್ತು.

“ಇದಕ್ಕ ಬಿಸಲು ಬ್ಯಾಡ ನೋಡ್ರಿ,” ರಾಯರು ಸ್ಟ್ಯಾಂಡ್ ಬಿಡಿಸುತ್ತಾ ಹೇಳಿದರು. “ಮಳಿ ಬಿದ್ದ ಮರುದಿನ ಮುಂಜಾನೆ, ಮೋಡ ಇರಬೇಕು. ಕ್ಯಾನ್ಯನ್ನಿಗೆ ಒಂದು ಸೀಸನ್, ಇದಕ್ಕೊಂದು. ಪಟ್ಟಿ ಕಾಣಿಸ್ತಾವೇನು, ಹಸಿರು?”

“ಕಾಣಿಸುತ್ತೆ. ನಿಮಗೆ?”

“ನನಗ್ಯಾಕ ಕಾಣಿಸೂದಿಲ್ಲ?”

ಕಳೆದ ಶರತ್ಕಾಲದಲ್ಲಿ ಇದೇ ಜಾಗದಲ್ಲಿ ತೆಗೆದು, ಮನೆಯ ಕಂಪ್ಯೂಟರಿನಲ್ಲಿ ಬಣ್ಣ ತಿದ್ದಿ, ದೊಡ್ಡದಾಗಿ ಅಚ್ಚು ಹಾಕಿಸಿದ ಚಿತ್ರವೊಂದನ್ನು ರಾಯರು ತಂದಿದ್ದರು. ಅಂದು ನಿಂತ ಜಾಗ ಹುಡುಕಲು ಅದನ್ನು ಎದುರಿಗೆ ಹಿಡಿದು ಹೋಲಿಸುತ್ತಿದ್ದರು. ನಾನು ಇಣುಕಿದೆ. ದಿಬ್ಬ ಕೆಂಪಗಿತ್ತು. ಚಿತ್ರ ಬದನೆಕಾಯಿ ಬಣ್ಣದಲ್ಲಿತ್ತು, ನನ್ನ ಅಡುಗೆಮನೆಯ ಕ್ಯಾಲೆಂಡರಿನ ಹಾಗೆಯೇ.

“ನೋಡ್ರಿ, ಬಣ್ಣ ಹೆಂಗ ಇದ್ದದ್ದು ಇದ್ದಂಗ ಬಂದದ!” ಎಂದರು ರಾಯರು ಹೆಮ್ಮೆಯಿಂದ.

ಅಷ್ಟರಲ್ಲಿ ಪಕ್ಕದಲ್ಲಿ ಹೆಂಡತಿ ಮಕ್ಕಳ ಗುಂಪಿನೊಡನೆ ನಿಂತಿದ್ದ ಪೇಟದ ಸರ್ದಾರ್ಜಿಯೊಬ್ಬರು ಚಿತ್ರ ನೋಡಿ ತಲೆದೂಗಿದರು. ರೆಕ್ಸ್‌ಡೇಲಿನಲ್ಲಿ ಟ್ರಕ್ ರಿಪೇರಿಯ ಕೆಲಸವಂತೆ, ಮೊದಲ ಸಲ ಬಂದದ್ದಂತೆ.

“ಬಹುತ್ ಸುಂದರ್, ಭಾಯಿಸಾಬ್! ಯೇ ಕಹಾಂ ಕಾ ಫೋಟೋ ಹೈ?”

“ಯಹೀಂ ಕಾ,” ಇಲ್ಲಿಯದೇ ಎಂದರು ರಾಯರು.

ಸರ್ದಾರ್ಜಿ ದಿಬ್ಬ ನೋಡಿದರು, ಚಿತ್ರ ನೋಡಿದರು, ಗಟ್ಟಿಯಾಗಿ ನಕ್ಕರು. “ಮಜಾಕ್ ಮತ್ ಕರೋ ಜೀ! ಯೇ ಲಾಲ್ ಹೈ. ವೋ ತೋ ಬೈಂಗನೀ ಹೈ!”

ಬೈಂಗನೀ ಎಂದರೆ ಬದನೆಕಾಯಿ ಬಣ್ಣ. ಅವರು ಒಳ್ಳೆಯ ಮನಸ್ಸಿನಿಂದಲೇ ರಾಯರ ಬೆನ್ನು ತಟ್ಟಿ ಮಕ್ಕಳ ಕಡೆ ಹೋದರು. ರಾಯರು ಚಿತ್ರವನ್ನು ಕೆಳಗಿಳಿಸಲಿಲ್ಲ. ಹಾಗೆಯೇ ಹಿಡಿದುಕೊಂಡು ನನ್ನ ಕಡೆ ತಿರುಗಿದರು.

“ವಾರ್ಡನ್‌ಬಾಯಿ, ಖರೇ ಹೇಳ್ರಿ. ಇದು ಬದನೀಕಾಯಿ ಬಣ್ಣ ಅದ ಏನು?”

“ಹೌದು.”

“ಮತ್ತ ನಿಮ್ಮ ಅಡಗಿಮನ್ಯಾಗಿನ ಕ್ಯಾಲೆಂಡರು?”

“ಅದೂ ಹಾಗೇ.”

“ಎಲ್ಲಾ ತಿಂಗಳಾ?”

“ಫೆಬ್ರವರಿ ಸ್ವಲ್ಪ ಪರವಾಗಿಲ್ಲ.”

ರಾಯರು ಹೆಂಡತಿಯ ಕಡೆ ತಿರುಗಿದರು. “ವಿಮಲಾ?”

“ಚೆನ್ನಾಗೇ ಇದೆ ರೀ.”

“ಛಂದ ಅದ ಇಲ್ಲ ಅಂತ ಕೇಳಲಿಲ್ಲ. ಬಣ್ಣ ಕೇಳಿದೆ.”

ವಿಮಲ ಕಟಕಟೆಯ ಮರವನ್ನು ಉಗುರಿನಿಂದ ಕೆರೆದಳು. “ಬದನೆಕಾಯಿ,” ಎಂದಳು.

“ಊರ ತುಂಬ ಮನಿಮನಿಗೆ ಹಂಚೀನಲ್ಲ! ಡಾಕ್ಟರು, ಪ್ರೊಫೆಸರು, ಒಬ್ಬರೂ ಬಾಯಿ ತೆಗೀಲಿಲ್ಲಲ್ಲ!”

“ಪುಕ್ಕಟೆ ಕೊಟ್ಟ ಕ್ಯಾಲೆಂಡರ್‌ಗೆ ಯಾರು ಹೇಳ್ತಾರೆ? ನಿಮ್ಮ ವಯಸ್ಸಿಗೆ ಮರ್ಯಾದೆ ಬೇಡವಾ? ಎಲ್ಲ ಆರ್ಟಿಸ್ಟಿಕ್ ಆಗಿದೆ ಅಂದ್ರು.”

ನಾನೂ ಹಾಗೆಯೇ ಬರೆದಿದ್ದೆ. ತುಂಬಾ ಕಲಾತ್ಮಕವಾಗಿದೆ ಎಂದು.

ನಗು ಬರಬೇಕಾದ ಜಾಗ ಅದು. ಯಾರೂ ನಗಲಿಲ್ಲ. ನಾನು ಹಾಸ್ಟೆಲಿನ ದನಿ ತೆಗೆದೆ. “ರಾಯರೇ, ಎಷ್ಟು ದಿನದಿಂದ ಕಣ್ಣು ಸರಿಯಿಲ್ಲ?”

ಅವರು ಅಟ್ಟದ ಬೆಂಚಿನ ಮೇಲೆ ಕುಳಿತರು. “ಮಂಜು ಕವದಂಗ ಆಗ್ಯದ. ರಾತ್ರಿ ಎದುರಿಗೆ ಕಾರು ಬಂದ್ರ ಬರೇ ಬೆಳಕು, ರಸ್ತೆ ಕಾಣೂದಿಲ್ಲ. ನಮ್ಮ ಅಣ್ಣಗ ಹಿಂಗ ಆಗಿ, ಮೊದಲ ಒಂದ ಕಣ್ಣು ಹೋತು, ಆಮ್ಯಾಲೆ ಇನ್ನೊಂದು. ಗ್ಲಾಕೋಮಾ. ಮನೆತನದಾಗ ಬರ್ತದಂತ. ಡಾಕ್ಟರ ಕಡೆ ಹೋದ್ರ ಅದನ್ನ ಹೇಳ್ತಾರ, ಲೈಸೆನ್ಸ್ ಕಸಗೋತಾರ. ಆಮ್ಯಾಲೆ ಇಕಿ ನನ್ನ ಕ್ಯಾನ್ಯನ್ನಿಗೆ ಬಿಡ್ತಾಳೇನು?” ಚಿತ್ರವನ್ನು ಮಗುಚಿ ಪಕ್ಕಕ್ಕಿಟ್ಟರು. “ಅಕ್ಟೋಬರ್ ತನಕ ಏನ ಉಳೀತದೋ ಯಾರಿಗೆ ಗೊತ್ತು? ಒಂದ ಸಲ ನೋಡಿ ಬಂದುಬಿಟ್ರ ಸಾಕು ಅಂತ ಜುಲೈ ಹಿಡದೆ.”

“ನಂಗೆ ಗೊತ್ತಿತ್ತು,” ಎಂದಳು ವಿಮಲ.

“ಏನು ಗೊತ್ತಿತ್ತು?”

“ಎಲ್ಲಾ. ಚಟ್ನಿಪುಡಿ ಬದಲು ಕಾಫಿಪುಡಿ ಅನ್ನಕ್ಕೆ ಹಾಕ್ಕೊಂಡ್ರಲ್ಲ, ಅವತ್ತಿಂದ. ಕೇಳಿದ್ರೆ ನೀವು ಮುದುರಿಕೊಂಡುಬಿಡ್ತೀರ ಅಂತ ಕೇಳಲಿಲ್ಲ. ನೋಡೋ ಆಸೆ ಇದೆಯಲ್ಲಾ, ನೋಡಲಿ ಅಂತ ಅಮಾವಾಸ್ಯೆಗೂ ಹೂಂ ಅಂದೆ.” ಅಲ್ಲಿಯವರೆಗೆ ಗಟ್ಟಿಯಾಗಿದ್ದವಳ ದನಿ ಒಡೆಯಿತು. “ಭೀಮನ ಅಮಾವಾಸ್ಯೆ ದಿನ ಗಂಡನ್ನ ಬಂಡೆ ತುದೀಲಿ ನಿಲ್ಲಿಸಿ ನಾನು ಟಾರ್ಚ್ ಹಿಡ್ಕೊಂಡು ನಿಲ್ಲೋದು ಅಂದ್ರೆ ನಂಗೆ ನಿದ್ದೆ ಬರ್ತಿತ್ತು ಅಂದ್ಕೊಂಡ್ರಾ?”

ಮಳೆಕೋಟಿನ ನಾಯಿ ಬಂದು ರಾಯರ ಕಾಫಿ ಪ್ಯಾಂಟು ಮೂಸಿತು. ಒಡತಿ ಸಾರಿ ಎಂದು ಎಳೆದುಕೊಂಡು ಹೋದಳು.

ಇಬ್ಬರಿಗೂ ಸಮಾಧಾನ ಹೇಳುತ್ತಾ ಕೂರುವುದು ನನಗೆ ಬರುವುದಿಲ್ಲ. ಕೆಲಸ ಹಂಚುವುದು ಬರುತ್ತದೆ. “ವಿಮಲ, ಫೋನ್ ತೆಗಿ. ನಿಮ್ಮ ಊರಿನ ಕಣ್ಣಿನ ಡಾಕ್ಟರಿಗೆ ಮಾಡು, ಇವತ್ತೇ ಬೇಕು ಅನ್ನು. ರಾಯರೇ, ನೀವು ಸ್ಟ್ಯಾಂಡ್ ಮಡಚಿ.”

“ಕ್ಲೈನ್‌ಬರ್ಗ್‌ನ ಕನ್ನಡದವರು ಮಧ್ಯಾಹ್ನ ಊಟಕ್ಕೆ ಕರೆದಿದಾರಲ್ಲೇ,” ಎಂದಳು ವಿಮಲ, ಮೂಗು ಒರೆಸಿಕೊಳ್ಳುತ್ತಾ.

“ಬರಲ್ಲ ಅಂತ ಅವರಿಗೂ ಹೇಳು.”

“ಏನು ಕಾರಣ ಹೇಳಲಿ?”

“ಖರೇ ಹೇಳು,” ಎಂದರು ರಾಯರು. “ನಿಮ್ಮ ಮನ್ಯಾಗಿನ ಕ್ಯಾಲೆಂಡರ್ ತಿದ್ದಲಿಕ್ಕೆ ಹೊಂಟೀವಿ ಅನ್ನು.”

ಪ್ಲಾಜಾದ ಡಾಕ್ಟರು

ಈ ಊರುಗಳಲ್ಲಿ ಕಣ್ಣಿನ ಡಾಕ್ಟರು, ಪಿಜ್ಜಾ ಅಂಗಡಿ, ಲಾಂಡ್ರಿ ಎಲ್ಲ ಒಂದೇ ಸಾಲಿನ ಮಳಿಗೆಗಳಲ್ಲಿರುತ್ತವೆ. ಬೇರೆ ಯಾರೋ ರೋಗಿ ಬರುವುದಿಲ್ಲವೆಂದು ಹೇಳಿದ್ದರಿಂದ ಮಧ್ಯಾಹ್ನಕ್ಕೆ ಜಾಗ ಸಿಕ್ಕಿತು. ದಾರಿಯಲ್ಲಿ ಚರ್ಚು ಬಂದಾಗಲೂ ರಾಯರು ಅದರ ಹೆಸರೆತ್ತಲಿಲ್ಲ. ಅವರ ಅಣ್ಣನನ್ನು ನಾನೂ ಒಮ್ಮೆ ಧಾರವಾಡದಲ್ಲಿ ನೋಡಿದ್ದೆ. ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದರು. ಅದೇ ನೆನಪು ಕಾರಿನೊಳಗೆ ನಾಲ್ಕನೆಯವರಂತೆ ಕುಳಿತಿತ್ತು.

ಡಾಕ್ಟರು ಬ್ರಾಂಪ್ಟನ್ನಿನಲ್ಲೇ ಹುಟ್ಟಿ ಬೆಳೆದ ತಮಿಳರ ಹುಡುಗಿ. ಮಾತೆಲ್ಲ ಇಂಗ್ಲಿಷಿನಲ್ಲಿ, ಅಂಕಲ್ ಎಂಬ ಒಂದು ಪದ ಮಾತ್ರ ನಮ್ಮದು. ಹನಿ ಹಾಕಿದಳು, ಕಾಯಿಸಿದಳು, ಗಲ್ಲ ಊರಿಸಿ ಯಂತ್ರದಲ್ಲಿ ಇಣುಕಿದಳು, ಕಣ್ಣಿನ ಒತ್ತಡ ಅಳೆದಳು. ನಾವಿಬ್ಬರೂ ಹೊರಗೆ ಕನ್ನಡಕದ ಚೌಕಟ್ಟುಗಳ ನಡುವೆ ಕುಳಿತಿದ್ದೆವು. ವಿಮಲ ತುಟಿ ಅಲುಗಿಸುತ್ತಾ ಏನೋ ಹೇಳಿಕೊಳ್ಳುತ್ತಿದ್ದಳು. ನಾನು ವಕ್ರವಾಗಿದ್ದ ಚೌಕಟ್ಟುಗಳನ್ನು ನೇರ ಮಾಡಿದೆ. ಒಂದು ಸಾಲು ಪೂರ್ತಿ ನೇರವಾದ ಮೇಲೆ ಒಳಗೆ ಕರೆದರು.

ಪರದೆಯ ಮೇಲೆ ಒಂದು ಚಿತ್ರವಿತ್ತು. ಮಬ್ಬು ಮಬ್ಬಾದ ಕೆಂಪು ನೆಲ. ಅದರ ಮೇಲೆ ಒಂದು ಬೆಳ್ಳಗಿನ ಚಂದ್ರ. ಅಲ್ಲಿಂದ ಹೊರಟು ಕವಲೊಡೆಯುತ್ತಾ ಹರಿದ ಹಳ್ಳಗಳು.

ರಾಯರು ಅದನ್ನೇ ದಿಟ್ಟಿಸಿ ಕೂತಿದ್ದರು. “ಇದ್ಯಾವ ಕ್ಯಾನ್ಯನ್ನು? ವಿಮಾನದಿಂದ ತಗದದ್ದೇನು?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

“ಇದು ನಿಮ್ಮ ಕಣ್ಣಿನ ಒಳಗಿನ ಗೋಡೆ, ಅಂಕಲ್,” ಎಂದಳು ಹುಡುಗಿ. “ಈಗ ತಾನೇ ತೆಗೆದದ್ದು.”

ಮತ್ತೆ ನಿಧಾನವಾಗಿ ಬಿಡಿಸಿ ಹೇಳಿದಳು. ಒತ್ತಡ ಸರಿಯಾಗಿದೆ. ನರ ಆರೋಗ್ಯವಾಗಿದೆ. ಅಣ್ಣನ ರೋಗದ ಗುರುತು ಈಗ ಇಲ್ಲ. ಮನೆತನದಲ್ಲಿ ಇರುವುದರಿಂದ ಪ್ರತಿ ವರ್ಷ ನೋಡಿಸಿಕೊಳ್ಳಬೇಕು. ಇದು ಪೊರೆ, ಎರಡೂ ಕಣ್ಣಿಗೆ, ಚೆನ್ನಾಗಿ ಬಲಿತಿದೆ. ಹಳದಿ ಗಾಜಿನ ಹಿಂದೆ ಕುಳಿತಂತೆ ನೀಲಿ ಅಷ್ಟಾಗಿ ಕಾಣುವುದಿಲ್ಲ, ಕೆಂಪು ಕಂದಾಗಿ ಕಾಣುತ್ತದೆ.

“ಅದಕ್ಕ ನಾ ನೀಲಿ ಸುರದು ಸುರದು ಹಾಕೀನಿ,” ಎಂದರು ರಾಯರು ನಮ್ಮ ಕಡೆ ತಿರುಗಿ. “ಕಂಪ್ಯೂಟರಿನ್ಯಾಗ ಎಲ್ಲಾ ಹಳದಿ ಕಾಣತಿತ್ತು. ಪ್ರಿಂಟಿನವನಿಗೂ ಬೈದೀನಿ, ಪಾಪ.”

“ಆಪರೇಶನ್ ಮಾಡಿದ್ರೆ?” ವಿಮಲ ಕನ್ನಡದಲ್ಲೇ ಕೇಳಿಬಿಟ್ಟಳು. ಹುಡುಗಿಗೆ ಆಪರೇಶನ್ ಎಂಬಷ್ಟು ತಿಳಿಯಿತು.

ಸರ್ಜನ್ನರ ಬಳಿ ಕಳಿಸುತ್ತೇನೆ, ಕೆಲವು ತಿಂಗಳು ಕಾಯಬೇಕಾಗಬಹುದು, ಆದರೆ ನಿಮ್ಮ ಕಣ್ಣಿಗೆ ಒಳ್ಳೆಯ ಫಲ ಸಿಗುತ್ತದೆಂದೇ ನನ್ನ ನಿರೀಕ್ಷೆ, ಎಂದಳು. ಅಲ್ಲಿಯವರೆಗೆ ಕಾರು ಓಡಿಸಬಾರದು.

“ಓಡಸೂದಿಲ್ಲ,” ಎಂದರು ರಾಯರು. ಅಷ್ಟು ಬೇಗ ಒಪ್ಪುತ್ತಾರೆಂದು ನಾವಾರೂ ಎಣಿಸಿರಲಿಲ್ಲ. ಮತ್ತೆ ಪರದೆಯ ಕಡೆ ಬೊಟ್ಟು ಮಾಡಿದರು. “ಡಾಕ್ಟರ್, ಇದರ ಒಂದು ಪ್ರಿಂಟ್ ಸಿಗತದೇನು?”

ಹೊರಗೆ ಬಂದಾಗ ಮೋಡ ಸರಿದು ಬಿಸಿಲು ಬಿದ್ದಿತ್ತು. ಹನಿ ಹಾಕಿದ ಕಣ್ಣಿಗೆಂದು ಕೊಟ್ಟ ಕಪ್ಪು ಪ್ಲಾಸ್ಟಿಕ್ ಹಾಳೆಯ ಕನ್ನಡಕ ಹಾಕಿಕೊಂಡು ರಾಯರು ಪಿಜ್ಜಾ ಅಂಗಡಿಯ ಮುಂದೆ ನಿಂತಿದ್ದರು. ವಿಮಲ ಅವರ ತೋಳಿನ ಮೇಲೆ ಒಂದು ಏಟು ಹೊಡೆದಳು. ನಿಜವಾದ ಏಟು. ಆಮೇಲೆ ಅದೇ ತೋಳು ಹಿಡಿದುಕೊಂಡು ಕಾರಿನವರೆಗೆ ನಡೆಸಿದಳು. ನಾನು ಹಿಂದೆ ನಿಂತು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಛತ್ರಿಗೆ ಮುಖ ಮರೆಸಿ ಕಣ್ಣೊರೆಸಿಕೊಂಡೆ.

ಮತ್ತೆ ಮನೆ

ತಡವಾದ ಮಧ್ಯಾಹ್ನದ ಊಟಕ್ಕೆ ಸಾರು, ಅನ್ನ, ಹಪ್ಪಳ. ಅಷ್ಟು ರುಚಿಯಾದ ಸಾರನ್ನು ನಾನು ಈ ದೇಶದಲ್ಲಿ ತಿಂದಿರಲಿಲ್ಲ. ಊಟವಾದ ಮೇಲೆ ವಿಮಲ ಜುಲೈ ಪ್ರವಾಸದ ಕೋಣೆಗಳನ್ನು ಫೋನಿನಲ್ಲಿ ರದ್ದು ಮಾಡಿದಳು. ಆ ಕಡೆಯವನು ಕಾರಣ ಕೇಳಿರಬೇಕು. “ಮೈ ಹಸ್ಬೆಂಡ್ ಸೇಸ್ ಜುಲೈ ಈಸ್ ಫಾರ್ ಫೂಲ್ಸ್,” ಎಂದಳು.

ಸಂಜೆ ಪಂಚಾಂಗ ಮೇಜಿನ ಮೇಲೆ ಬಂತು. ಕಪ್ಪು ಕನ್ನಡಕದ ರಾಯರು ಮತ್ತೆ ಪಾಠಕ್ಕೆ ಕುಳಿತರು. ಬಿಸಿಲಿನ ಓರೆ, ಹಳದಿ ಎಲೆ, ತಂಪು ಗಾಳಿ. ಚಳಿಗಾಲದಲ್ಲಿ ಫೋನಿನಲ್ಲಿ ಹೇಳಿದ್ದೇ ಎಲ್ಲವೂ. ನಾನು ಮೊದಲ ಸಲ ಕೇಳುವವಳಂತೆ ಕೇಳಿದೆ.

“ಅಂದ್ರೆ ಅಕ್ಟೋಬರ್ ಕೊನೆ, ನವೆಂಬರ್ ಶುರು,” ವಿಮಲ ಬೆರಳು ಓಡಿಸಿದಳು. “ಅಲ್ಲಿ ಬರೋ ಅಮಾವಾಸ್ಯೆ ದೀಪಾವಳಿದು. ಅದಾದ್ರೆ ತೊಂದ್ರೆ ಇಲ್ಲ. ಲಕ್ಷ್ಮೀಪೂಜೆ ಅಮಾವಾಸ್ಯೆ ಶುಭ.”

“ನಿನಗೂ ಶುಭ, ನನಗೂ ಕತ್ತಲು. ಇಷ್ಟು ವರ್ಷ ಇದನ್ಯಾಕ ಹೇಳಲಿಲ್ಲ?”

“ನೀವು ಕೇಳಿದ್ರೆ ತಾನೆ?”

“ಎಣ್ಣೆಸ್ನಾನ?” ನಾನು ನೆನಪಿಸಿದೆ.

“ಮೋಟೆಲ್ ಬಾತ್‌ಟಬ್ಬಿನ್ಯಾಗ,” ಎಂದರು ರಾಯರು. “ಜಾರಿ ಬಿದ್ರ ವಾರ್ಡನ್‌ಬಾಯಿ ಅದಾರಲ್ಲ.”

“ಅಷ್ಟರೊಳಗೆ ಆಪರೇಶನ್ ಆಗದೇ ಹೋದ್ರೆ?” ವಿಮಲ ಮೆಲ್ಲಗೆ ಕೇಳಿದಳು.

ಬೆಳಗ್ಗೆ ಜುಲೈ ಬಿಟ್ಟರೆ ಮುಂದೆ ತಿಂಗಳೇ ಇಲ್ಲವೆಂಬಂತೆ ಇದ್ದ ಮನುಷ್ಯ ಮಧ್ಯಾಹ್ನದಿಂದ ಉಳಿದಿದ್ದ ಹಪ್ಪಳದ ಕೊನೆಯ ಚೂರು ಬಾಯಿಗೆ ಹಾಕಿಕೊಂಡರು. “ಆಗದಿದ್ರ ಏನಾತು? ಮುಂದಿನ ವರ್ಷನೂ ದೀಪಾವಳಿ ಬರ್ತದ,” ಎಂದರು.

ವಿಮಲ ಪಂಚಾಂಗ ಮುಚ್ಚಿದಳು. ಅವಳ ಭುಜಗಳು ಕೆಳಗಿಳಿದದ್ದನ್ನು ನಾನು ನೋಡಿದೆ. ನಾನು ಬಂದಾಗಿನಿಂದ ಅವು ಕಿವಿಯ ಹತ್ತಿರವೇ ಇದ್ದವು.

ಎಂಟಕ್ಕೂ ಇಲ್ಲಿ ಇನ್ನೂ ಬೆಳಕು. ಕೆಲಸ ಒಂದು ಬಾಕಿಯಿತ್ತು. ಮೂರು ಜೊತೆ ಬೂಟುಗಳನ್ನು ಬೇಸ್‌ಮೆಂಟಿನ ಬಟ್ಟೆ ಒಗೆಯುವ ತೊಟ್ಟಿಗೆ ಒಯ್ದು ಉಜ್ಜಿದೆ. ರಾಯರು ಬಂದು ಪಕ್ಕದಲ್ಲಿ ನಿಂತರು.

“ನೀರಿನ ಬಣ್ಣ ಏನ್ರಿ?”

“ನಿಮಗೆ ಹೇಗೆ ಕಾಣುತ್ತೆ?”

“ಹಳೇ ಚಹಾದ ಗತೆ.”

“ಕೆಂಪು. ಕುಂಕುಮ ಕಲಸಿದ ಹಾಗೆ.”

ಅವರು ತಲೆಯಾಡಿಸಿದರು. ಅವರ ಬೂಟಿನ ಹಿಮ್ಮಡಿಯ ಸಂದಿಯಲ್ಲಿ ಗಟ್ಟಿಯಾಗಿ ಕುಳಿತಿದ್ದ ಮಣ್ಣಿನ ಹೆಂಟೆಯೊಂದನ್ನು ನಾನು ಚಮಚದಿಂದ ಬಿಡಿಸಿ, ತೊಳೆಯದೆ, ಬಿಳಿಯ ಕಾಗದದ ಮೇಲಿಟ್ಟು ಮಡಚಿದೆ. “ಇದನ್ನು ಆಪರೇಶನ್ ಆದ ಮೇಲೆ ಬಿಚ್ಚಿ ನೋಡಿ,” ಎಂದೆ. ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮೇಲೆ ಹೋದರು. ದೇವರ ಗೂಡಿನಲ್ಲಿ ಕುಂಕುಮದ ಬಟ್ಟಲ ಪಕ್ಕ ಅದನ್ನು ಇಡಹೋದದ್ದಕ್ಕೆ ವಿಮಲ “ಬೂಟಿನ ಮಣ್ಣು!” ಎಂದು ಕೂಗಾಡಿದ್ದೂ, ಆಮೇಲೆ ಸುಮ್ಮನಾದದ್ದೂ ಕೆಳಗೆ ಕೇಳಿಸಿತು.

ಬೂಟುಗಳ ನೀರು ಒರೆಸಿದೆ. ಗರಾಜಿನ ಬಾಗಿಲ ಬಳಿ ಹಳೆಯ ಪತ್ರಿಕೆ ಹಾಸಿ, ಮೂರು ಜೊತೆಯನ್ನೂ ಮೂಗು ಗೋಡೆಯ ಕಡೆಗಿರುವಂತೆ ಸಾಲಾಗಿ ಇಟ್ಟೆ. ದೀಪ ಆರಿಸಿದೆ.